ಕೈ ಓದುವ ಚಿತ್ರ

ಹೋದ ದೀಪಾವಳಿಗೆ ನಮ್ಮ ಮನೆಗೊಂದು ಪುಸ್ತಕದ ಕಪಾಟು ಬಂತು. ಹನ್ನೊಂದು ಹಲಗೆ, ಒಂದು ಪೊಟ್ಟಣ ಸ್ಕ್ರೂ, ನಾಲ್ಕಾಗಿ ಮಡಿಸಿದ ಒಂದು ಹಾಳೆ. ಹಾಳೆಯಲ್ಲಿ ಇದ್ದದ್ದು ಒಂದೇ ಚಿತ್ರ. ಅದರಲ್ಲಿ ಹನ್ನೊಂದೂ ಹಲಗೆಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು. ನಾನೂ ಅಕ್ಕನ ಮಗಳೂ ಎರಡು ಗಂಟೆ ಕೂತು ಜೋಡಿಸಿ ಎತ್ತಿ ನಿಲ್ಲಿಸಿದರೆ, ಅಡ್ಡಹಲಗೆ ಕೂರಬೇಕಿದ್ದ ತೂತುಗಳೆಲ್ಲ ಹೊರಮೈಯಲ್ಲಿ! ಎಡದ ಹಲಗೆ ಬಲಕ್ಕೆ ಹೋಗಿತ್ತು.

ಹಾಳೆಯನ್ನು ಮತ್ತೆ ನೋಡಿದೆ. ಚಿತ್ರದಲ್ಲಿ ತಪ್ಪಿರಲಿಲ್ಲ. ಪ್ರತಿ ಹಲಗೆಯೂ ತನ್ನ ಜಾಗದಲ್ಲೇ ಇತ್ತು. ಆದರೆ ಮೊದಲು ಯಾವುದನ್ನು ಹಿಡಿಯಬೇಕು, ಯಾವ ಮುಖ ಒಳಗೆ, ಯಾವ ದಿಕ್ಕಿನಿಂದ ತೂರಿಸಬೇಕು ಎಂಬುದನ್ನು ಅದು ಹೇಳಿರಲಿಲ್ಲ.

ಇದೇ ತೊಡಕು ಇನ್ನೂರು ವರ್ಷಗಳ ಹಿಂದೆ ಕೇಂಬ್ರಿಜ್‌ನ ಪ್ರಾಧ್ಯಾಪಕ ವಿಲಿಯಂ ಫ್ಯಾರಿಶ್ ಅವರಿಗೂ ಎದುರಾಗಿತ್ತು. ಇಂಗ್ಲೆಂಡಿನ ಕಾರ್ಖಾನೆಗಳ ಯಂತ್ರಗಳನ್ನು ಮಾದರಿಯಾಗಿ ಕಟ್ಟಿ, ತರಗತಿಯಲ್ಲಿ ಓಡಿಸಿ ತೋರಿಸಿ ಅವರು ಪಾಠ ಹೇಳುತ್ತಿದ್ದರು. ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಮಾದರಿ ಮಾಡಿಸಿಟ್ಟುಕೊಳ್ಳುವುದು ಆಗದ ಮಾತು. ಹಾಗಾಗಿ ಹಲ್ಲುಚಕ್ರ, ದಂಡ, ಕ್ಲಾಂಪುಗಳ ಒಂದೇ ಸೆಟ್ ಇಟ್ಟುಕೊಂಡರು. ಇಂದಿನ ಪಾಠ ಮುಗಿದರೆ ಬಿಚ್ಚುವುದು, ಅವೇ ಭಾಗಗಳಿಂದ ಮುಂದಿನ ಪಾಠದ ಯಂತ್ರ ಕಟ್ಟುವುದು. ಲೆಗೊ ಆಟದ ಮಕ್ಕಳು ಈಗ ಮಾಡುವುದು ಇದನ್ನೇ. ಕಟ್ಟುವ ಕೆಲಸ ಸಹಾಯಕರದು. ಅವರ ಕೈಗೆ ಕೊಡಲು ಒಂದು ಚಿತ್ರ ಬೇಕಿತ್ತು.

ಎಂಥ ಚಿತ್ರ? ಕಣ್ಣಿಗೆ ಕಂಡಂತೆ ಬರೆದರೆ ದೂರದ ಚಕ್ರ ಚಿಕ್ಕದಾಗುತ್ತದೆ, ಸ್ಕೇಲಿಟ್ಟು ಅಳೆಯಲು ಬರುವುದಿಲ್ಲ. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಎಂದು ಮೂರು ನೋಟ ಬರೆದರೆ ಅಳತೆ ಸರಿಯಿರುತ್ತದೆ, ಆದರೆ ಮೂರನ್ನೂ ಕೂಡಿಸುವ ಹೊರೆ ಓದುವವನ ತಲೆಗೆ. ಫ್ಯಾರಿಶ್ ಬೇರೊಂದು ದಾರಿ ಹಿಡಿದರು. ಸಮಘನವೊಂದನ್ನು ಅದರ ಮೂಲೆಗೆ ನೇರವಾಗಿ ದೃಷ್ಟಿಯಿಟ್ಟು ನೋಡಿ: ಆ ಮೂಲೆಯಿಂದ ಹೊರಡುವ ಮೂರು ಅಂಚುಗಳು ಒಂದಕ್ಕೊಂದು 120 ಡಿಗ್ರಿಯಲ್ಲಿ ಕವಲೊಡೆಯುತ್ತವೆ. ಮೂರೂ ಸುಮಾರು ಶೇ 18ರಷ್ಟು ಗಿಡ್ಡವಾಗಿ ಕಾಣುತ್ತವೆ. ಕುಗ್ಗುವುದು ಮೂರೂ ಒಂದೇ ಪ್ರಮಾಣದಲ್ಲಿ ಆದ್ದರಿಂದ ಉದ್ದ, ಅಗಲ, ಎತ್ತರಗಳಿಗೆ ಒಂದೇ ಸ್ಕೇಲು ಸಾಕು. 1822ರಲ್ಲಿ ಅಚ್ಚಾದ ಅವರ ಲೇಖನ ಈ ಕ್ರಮವನ್ನು ವಿವರಿಸಿತು. ನಮ್ಮ ಐಟಿಐ, ಡಿಪ್ಲೊಮಾ ಹುಡುಗರು 30 ಡಿಗ್ರಿ ಸೆಟ್ ಸ್ಕ್ವೇರ್ ಹಿಡಿದು ಎಳೆಯುವ ಐಸೊಮೆಟ್ರಿಕ್ ಚಿತ್ರ ಇದೇ. ಅದು ಹೀಗೆ ಜೋಡಣೆಯ ಕೆಲಸದಿಂದಲೇ ಬಂದದ್ದು ಎಂಬುದನ್ನೂ ಅವರಿಗೆ ಹೇಳಿಕೊಡಬೇಕು ಎಂದು ನನ್ನ ಆಸೆ.

ಈ ಕ್ರಮಕ್ಕೂ ಒಂದು ದೋಷವಿದೆ. ಸ್ವಿಟ್ಜರ್ಲೆಂಡಿನ ಲೂಯಿ ಆಲ್ಬರ್ಟ್ ನೆಕರ್ 1832ರಲ್ಲಿ ಬರೆದಂತೆ, ಅವರು ಹರಳುಗಳ ರೇಖಾಚಿತ್ರ ನೋಡುತ್ತಿದ್ದಾಗ ಮುಂದಿದ್ದ ಮುಖ ಥಟ್ಟನೆ ಹಿಂದಕ್ಕೆ ಸರಿದಂತೆ ಕಂಡಿತ್ತು. ಹತ್ತಿರದ್ದೂ ದೂರದ್ದೂ ಒಂದೇ ಗಾತ್ರವಾದರೆ ಮಿದುಳಿಗೆ ಎರಡು ಅರ್ಥ ಹೊಳೆಯುತ್ತವೆ. ನನ್ನ ಕಪಾಟಿನ ಹಲಗೆ ತಿರುಗಿಬಿದ್ದದ್ದಕ್ಕೂ ಇದೇ ಕಾರಣವಿರಬಹುದು. ಪರಿಹಾರ ಸರಳ. ಹಿಂದೆ ಅಡಗಿದ ಗೆರೆಗಳನ್ನು ಬಿಟ್ಟುಬಿಡಬೇಕು, ಹೊರಗಿನ ಗೆರೆಯನ್ನು ಒಳಗಿನದಕ್ಕಿಂತ ಎರಡು ಪಟ್ಟು ದಪ್ಪ ಮಾಡಬೇಕು, ಒಂದು ಮುಖಕ್ಕೆ ತಿಳಿಯಾಗಿ ಬಣ್ಣ ತುಂಬಬೇಕು.

ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಸಂಶೋಧಕ ಮನೀಶ್ ಅಗ್ರವಾಲಾ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನನಗೆ ತುಂಬ ಹಿಡಿಸಿದ್ದು. ಅವರು ಜನರಿಗೆ ಟಿವಿ ಸ್ಟ್ಯಾಂಡಿನ ಬಿಡಿಭಾಗಗಳನ್ನೂ ಪೆಟ್ಟಿಗೆಯ ಮೇಲಿನ ಫೋಟೊವನ್ನೂ ಮಾತ್ರ ಕೊಟ್ಟರು. ಜೋಡಿಸಿ ಮುಗಿಸಿದ ಮೇಲೆ, ಹೊಸಬರಿಗಾಗಿ ಸೂಚನೆ ಬರೆಯಿರಿ ಎಂದರು. ಅದರಿಂದ ತಿಳಿದದ್ದು: ಜೋಡಿಸಿ ಮುಗಿದ ರೂಪವನ್ನು ತೋರಿಸುವ ಚಿತ್ರಕ್ಕಿಂತ, ಜೋಡಿಸುವ ಕ್ರಿಯೆಯನ್ನು ತೋರಿಸುವ ಚಿತ್ರ ಮೇಲು. ಹಲಗೆ ಇನ್ನೂ ಬೇರೆಯಾಗಿರುತ್ತದೆ. ಅದು ಸರಿದು ಕೂರುವ ದಾರಿಯನ್ನು ಬಾಣ, ಸಪೂರ ಗೆರೆ ತೋರಿಸುತ್ತವೆ. ಒಂದು ಹಂತಕ್ಕೆ ಒಂದೇ ಮುಖ್ಯ ಭಾಗ. ಅದು ಬೇರಾವುದರ ಹಿಂದೆಯೂ ಮರೆಯಾಗಬಾರದು. ಈ ನಿಯಮಗಳನ್ನು ಕಲಿಸಿದ ಕಂಪ್ಯೂಟರು ಬರೆದ ಚಿತ್ರಗಳನ್ನು ಹಿಡಿದವರು, ಪೆಟ್ಟಿಗೆಯಲ್ಲಿ ಬಂದ ಹಾಳೆ ಹಿಡಿದವರಿಗಿಂತ ಬೇಗ ಮುಗಿಸಿದರು, ತಪ್ಪೂ ಕಡಿಮೆ ಮಾಡಿದರು.

ಇದನ್ನೆಲ್ಲ ಓದಿದ ಮೇಲೆ ಕಪಾಟನ್ನು ಬಿಚ್ಚಿ, ಸೂಚನೆಯನ್ನು ನಾನೇ ಹೊಸದಾಗಿ ಬರೆದೆ. ಸ್ಕ್ರೂಗಳನ್ನು ನಿಜಗಾತ್ರದಲ್ಲಿ ಬಿಡಿಸಿದೆ, ಕಾಗದದ ಮೇಲಿಟ್ಟೇ ಹೋಲಿಸಲೆಂದು. ತೂತಿನ ಮುಖಕ್ಕೆ ಪೆನ್ಸಿಲ್ ಬಣ್ಣ ತುಂಬಿದೆ. ಒಟ್ಟು ಒಂಬತ್ತು ಹಂತ. ಹಾಳೆಯನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟು, ಒಂದು ಮಾತೂ ಆಡದೆ ಕೂತೆ. ಐದರವರೆಗೆ ಸಲೀಸಾಗಿ ಬಂದ. ಆರರಲ್ಲಿ ಹಾಳೆಯನ್ನು ತಲೆಕೆಳಗು ಮಾಡಿದ, ಮತ್ತೆ ನೆಟ್ಟಗೆ ಹಿಡಿದ, ಕಪಾಟಿನ ಸುತ್ತ ಒಂದು ಸುತ್ತು ಬಂದ. ಐದಕ್ಕೂ ಆರಕ್ಕೂ ನಡುವೆ ಕಪಾಟನ್ನು ಮಗುಚಿ ಹಾಕಬೇಕಿತ್ತು; ಅದು ನನ್ನ ಕೈಗೆ ಗೊತ್ತಿತ್ತು, ಹಾಳೆಗೆ ಇಳಿದಿರಲಿಲ್ಲ. ಈಗ ಅಲ್ಲೊಂದು ಬಾಗಿದ ಬಾಣವಿದೆ, ಹಂತಗಳು ಹತ್ತಾಗಿವೆ.