ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿದೆಯೇ?



ಮಗುವಿಗೆ ತಾಯಿಯ ರಕ್ತದಿಂದ ಆಹಾರ, ಆಮ್ಲಜನಕ ಒದಗಿಸುವ ಅಂಗವೇ ಮಾಸು. ಹೆರಿಗೆಯಾದ ಮೇಲೆ 'ಕಸ ಬಿತ್ತು' ಎನ್ನುತ್ತೇವಲ್ಲ, ಅದೇ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಇದು ಕೆಳಗಿದೆ ಎಂದು ಬಂದರೆ ಗಾಬರಿಯಾಗಬೇಡಿ. ಗರ್ಭಕೋಶ ಬೆಳೆದು ಕೆಳಭಾಗ ಹಿಗ್ಗಿದಂತೆ ಹೆಚ್ಚಿನವರಲ್ಲಿ ಮಾಸು ಮೇಲಕ್ಕೆ ಸರಿಯುತ್ತದೆ. ಸರಿದಿದೆಯೋ ಇಲ್ಲವೋ ತಿಳಿಯಲು 32ನೇ ವಾರದ ಸುಮಾರಿಗೆ ಮತ್ತೆ ಸ್ಕ್ಯಾನಿಂಗ್ ಮಾಡಿಸಲೇಬೇಕು. ಆಗಲೂ ಕೆಳಗಿದ್ದರೆ 36ನೇ ವಾರದಲ್ಲಿ ಇನ್ನೊಮ್ಮೆ ನೋಡುತ್ತಾರೆ. ಗರ್ಭಕೋಶದ ಬಾಯಿಯಿಂದ 2 ಸೆಂ.ಮೀ.ಗಿಂತ ದೂರವಿದ್ದರೆ ಸಹಜ ಹೆರಿಗೆಗೆ ಮಾಸು ಅಡ್ಡಿಯಾಗುವುದಿಲ್ಲ. ಬಾಯಿಯನ್ನೇ ಮುಚ್ಚಿದ್ದರೆ ಸಿಸೇರಿಯನ್ ಬೇಕೇ ಬೇಕು, ಅದೂ ಸಾಮಾನ್ಯವಾಗಿ 36-37 ವಾರಕ್ಕೆ. ಹಿಂದೆ ಸಿಸೇರಿಯನ್ ಆಗಿದ್ದರೆ ತಪ್ಪದೇ ಹೇಳಿರಿ. ಮಾಸು ಹಳೆಯ ಗಾಯದ ಜಾಗಕ್ಕೆ ಅಂಟಿಕೊಂಡಿರಬಹುದು.

ಪರಂಗಿಹಣ್ಣು ತಿಂದಿದ್ದಕ್ಕೆ, ಕೊಡ ಹೊತ್ತಿದ್ದಕ್ಕೆ ಹೀಗಾಯಿತು ಎಂದು ಮನೆಯಲ್ಲಿ ಬೈಯುವುದುಂಟು. ಅದು ನಿಜವಲ್ಲ. ಈ ಮಾತನ್ನು ಅತ್ತೆಯವರಿಗೂ ಓದಿ ಹೇಳಿರಿ.

ಮುಖ್ಯ ವಿಷಯ ರಕ್ತಸ್ರಾವ. ಮಾಸು ಕೆಳಗಿದ್ದಾಗ ಹೆಚ್ಚಾಗಿ ನೋವೇ ಇಲ್ಲದೆ, ಮಲಗಿದ್ದಾಗಲೂ ಕೆಂಪು ರಕ್ತ ಹೋಗುತ್ತದೆ. "ನೋವಿಲ್ಲವಲ್ಲ, ಬೆಳಗಾಗಲಿ" ಎಂದು ಕಾಯುವುದೇ ಅಪಾಯ. ಸ್ವಲ್ಪ ಹೋಗಿ ತಾನಾಗಿಯೇ ನಿಂತರೂ ಬನ್ನಿ. ಮುಂದಿನ ಸಲ ಹೆಚ್ಚು ಹೋಗಬಹುದು. ಕೂಡಲೇ 108ಕ್ಕೆ ಫೋನ್ ಮಾಡಿಸಿ, ಎಡಮಗ್ಗುಲಾಗಿ ಮಲಗಿಕೊಂಡು ಬನ್ನಿ. ರಕ್ತವಾದ ಬಟ್ಟೆಯನ್ನು ಎಸೆಯದೆ ತನ್ನಿ, ಎಷ್ಟು ಹೋಗಿದೆ ಎಂದು ತಿಳಿಯುತ್ತದೆ. ಸೂಲಗಿತ್ತಿಯಾಗಲಿ, ಯಾರೇ ಆಗಲಿ, ಒಳಗೆ ಕೈಹಾಕಿ ಪರೀಕ್ಷಿಸಲು ಬಿಡಬೇಡಿ. ಬೇರೆ ಆಸ್ಪತ್ರೆಗೆ ಹೋದರೂ "ನನಗೆ ಮಾಸು ಕೆಳಗಿದೆ" ಎಂಬುದನ್ನೇ ಮೊದಲು ಹೇಳಿರಿ.

ಕುಬಸ ಮುಗಿಸಿ ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ತವರಿನ ಹತ್ತಿರ ಆಪರೇಷನ್ ಮತ್ತು ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆ ಇದ್ದರೆ ಸಂತೋಷದಿಂದ ಹೋಗಿರಿ. ಇಲ್ಲದಿದ್ದರೆ ತಾಯಿಯನ್ನೇ ಇಲ್ಲಿಗೆ ಕರೆಸಿಕೊಳ್ಳಿರಿ. ಹೇಳಲು ಸಂಕೋಚವಾದರೆ ಹಿರಿಯರನ್ನು ತಪಾಸಣೆಗೆ ಜೊತೆಗೆ ಕರೆತನ್ನಿ, ನಾವು ತಿಳಿಸಿ ಹೇಳುತ್ತೇವೆ.

ಮಾಸು ಮೇಲೆ ಸರಿಯುವವರೆಗೆ ದಂಪತಿಗಳು ಕೂಡಬಾರದು. ಹಗಲಿಡೀ ಹಾಸಿಗೆ ಹಿಡಿಯಬೇಕಾಗಿಲ್ಲ, ಡಾಕ್ಟರು ಹೇಳಿದ್ದರೆ ಮಾತ್ರ. ಕಬ್ಬಿಣಾಂಶದ ಮಾತ್ರೆ ಬಿಡಬೇಡಿ. ಮಾತ್ರೆಯ ಜೊತೆಗೆ ಚಹಾ ಬೇಡ. ನೆಗೆಟಿವ್ ರಕ್ತದ ಗುಂಪಿನವರು ರಕ್ತ ಹೋದಾಗ ಅದನ್ನು ತಿಳಿಸಬೇಕು, ಇಂಜೆಕ್ಷನ್ ಬೇಕಾಗಬಹುದು. ರಕ್ತ ಕೊಡಲು ಇಬ್ಬರನ್ನು ಈಗಲೇ ಒಪ್ಪಿಸಿಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ.