ನಿಮಗಿದು ಗೊತ್ತೆ? ಮೃತವೆನಿಸಿದ್ದ ಥೇಮ್ಸ್ ನದಿಯ ಪುನರುಜ್ಜೀವನ
ಲಂಡನ್ ಮಹಾನಗರದ ನಡುವೆ ಪ್ರವಹಿಸುವ ಥೇಮ್ಸ್ ನದಿಯು 1858ರ ಬೇಸಗೆಯಲ್ಲಿ ತನ್ನ ದುಸ್ಸಹ ದುರ್ಗಂಧದಿಂದ ತಟದ ಮೇಲಣ ಪಾರ್ಲಿಮೆಂಟಿನ ಸದಸ್ಯರನ್ನೇ ಕಂಗೆಡಿಸಿ, ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರನ ಭೂಗತ ಚರಂಡಿಗಳಿಗೆ ಕಾರಣವಾಯಿತಾದರೂ, ದುಃಖದ ಸಂಗತಿಯೆಂದರೆ, ಅವು ಕಲ್ಮಷವನ್ನು ನಗರದಿಂದಾಚೆಗೆ ಸಾಗಿಸಿದುವೇ ಹೊರತು ಶುದ್ಧೀಕರಿಸಲಿಲ್ಲ. ಕೊಳಚೆಯನ್ನು ಜೀರ್ಣಿಸುವ ಸೂಕ್ಷ್ಮಾಣುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡಲು, ಮತ್ಸ್ಯಕುಲಕ್ಕೆ ಉಸಿರಿಲ್ಲದಾಗಿ, 1957ರಲ್ಲಿ ವಿಜ್ಞಾನಿಗಳು ನದಿಯ ಲಂಡನ್ ಭಾಗವನ್ನು ಜೈವಿಕವಾಗಿ ಮೃತವೆಂದೇ ಸಾರಿದರು. ತರುವಾಯ ಬೆಕ್ಟನ್, ಕ್ರಾಸ್‌ನೆಸ್‌ಗಳ ಶುದ್ಧೀಕರಣಾಗಾರಗಳನ್ನು ವಿಸ್ತರಿಸಿ, ಕಾರ್ಖಾನೆಗಳ ತ್ಯಾಜ್ಯವನ್ನು ನಿರ್ಬಂಧಿಸಲಾಗಿ, 1974ರಲ್ಲಿ, ಸುಮಾರು 140 ವರ್ಷಗಳ ಅನಂತರ, ಅಲ್ಲಿ ಸಾಲ್ಮನ್ ಮೀನೊಂದು ಮತ್ತೆ ದೊರೆಯಿತು! ಮಳೆ ಸುರಿದಾಗ ಹಳೆಯ ಚರಂಡಿಗಳು ತುಂಬಿ ನದಿಗೆ ಚೆಲ್ಲುವ ಕೊಳಚೆಯನ್ನು ತಡೆಯಲೆಂದು ತೋಡಿದ 25 ಕಿಲೋಮೀಟರು ಉದ್ದದ ಸುರಂಗವು 2025ರಲ್ಲಿ ಪೂರ್ಣವಾಗಿ ಬಳಕೆಗೆ ಬಂದಿತು.