ತೊಂಬತ್ತು ನಿಮಿಷಕ್ಕೊಮ್ಮೆ ಕೇಳುವ ಕಂಪ್ಯೂಟರು

ಪಟ್ಟಣ ಸಹಕಾರಿ ಬ್ಯಾಂಕುಗಳು ಕನಿಷ್ಠ ಪಾಲಿಸಬೇಕಾದ ಸೈಬರ್ ಸುರಕ್ಷತೆಯ ಕ್ರಮಗಳ ಬಗ್ಗೆ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್ 19ರಂದು ಸುತ್ತೋಲೆ ಹೊರಡಿಸಿತು. ಅನುಮತಿ ಇಲ್ಲದೆ ಪೆನ್‌ಡ್ರೈವ್ ಬಳಸುವಂತಿಲ್ಲ, ಪಾಸ್‌ವರ್ಡ್ ಗಟ್ಟಿ ಇರಬೇಕು, ಕಂಡಕಂಡ ತಂತ್ರಾಂಶ ಹಾಕಿಕೊಳ್ಳುವಂತಿಲ್ಲ, ಇಂಥವು. ಓದುವುದಕ್ಕೆ ಸುಲಭ. ಈಗ ಒಂದು ಬ್ಯಾಂಕನ್ನು ಊಹಿಸಿಕೊಳ್ಳಿ: ಪ್ರಧಾನ ಕಚೇರಿ ಬೆಳಗಾವಿಯ ಶಿವಬಸವ ನಗರದಲ್ಲಿ, ಶಾಖೆಗಳು ಖಾನಾಪುರ, ನಂದಗಡ, ಬೀಡಿಯಲ್ಲಿ, ಎಲ್ಲ ಸೇರಿ ಎಂಬತ್ತು ಕಂಪ್ಯೂಟರು. ಒಂದೊಂದರ ಮುಂದೆ ಕೂತು ಸೆಟ್ಟಿಂಗ್ ಬದಲಿಸುತ್ತ ಹೋದರೆ, ಬೀಡಿಯ ಕೊನೆಯ ಕಂಪ್ಯೂಟರಿಗೆ ತಲುಪುವಷ್ಟರಲ್ಲಿ ಪ್ರಧಾನ ಕಚೇರಿಯ ಮೊದಲನೆಯದನ್ನು ಯಾರೋ ಮತ್ತೆ ಬದಲಿಸಿರುತ್ತಾರೆ. ಊರೂರು ಸುತ್ತುವ ತಂತ್ರಜ್ಞರ ಕಿಸೆಯ ಪೆನ್‌ಡ್ರೈವೇ ರೋಗ ಹೊತ್ತು ತಿರುಗುವುದೂ ಉಂಟು. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಹುಳು ಲೋಕವೆಲ್ಲ ಹಬ್ಬಿದ ದಾರಿಗಳಲ್ಲಿ ಪೆನ್‌ಡ್ರೈವೂ ಒಂದು.

ಎಲ್ಲ ಕಂಪ್ಯೂಟರುಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ನಿಭಾಯಿಸುವ ಕೆಲಸಕ್ಕೆಂದೇ ವಿಂಡೋಸ್ ಜಾಲಗಳಲ್ಲಿ ಇರುವುದು ಗ್ರೂಪ್ ಪಾಲಿಸಿ. ವಿಂಡೋಸ್ 2000ದ ಜೊತೆ ಬಂದದ್ದು. ಕಚೇರಿಯ ಕಂಪ್ಯೂಟರುಗಳೆಲ್ಲ ಡೊಮೇನ್ ಎಂಬ ಒಂದು ಗುಂಪಿಗೆ ಸೇರಿರುತ್ತವೆ. ಡೊಮೇನ್ ಕಂಟ್ರೋಲರ್ ಎಂಬ ಸರ್ವರಿನಲ್ಲಿ ಕಟ್ಟಳೆಗಳನ್ನು ಬರೆದಿಟ್ಟಿರುತ್ತಾರೆ. ಸರ್ವರ್ ಅಲ್ಲಿಂದ ಎಲ್ಲರಿಗೂ ಆಜ್ಞೆ ಹೊರಡಿಸುತ್ತದೆ ಎಂದು ಹೆಚ್ಚಿನವರ ಎಣಿಕೆ. ಹಾಗಿಲ್ಲ, ಅದು ತಾನಾಗಿ ಯಾರನ್ನೂ ಕರೆಯುವುದಿಲ್ಲ. ಖಾನಾಪುರದ ಕೌಂಟರಿನ ಕಂಪ್ಯೂಟರೇ ಹೋಗಿ ಕೇಳುತ್ತದೆ: ಆನ್ ಆದಾಗ ಒಮ್ಮೆ, ನೌಕರರು ಲಾಗಿನ್ ಆದಾಗ ಒಮ್ಮೆ, ಆಮೇಲೆ ಸುಮಾರು 90 ನಿಮಿಷಕ್ಕೊಮ್ಮೆ.

ಆ ‘ಸುಮಾರು’ ಬೇಕೆಂದೇ ಇಟ್ಟದ್ದು. ಪ್ರತಿ ಸಲವೂ 90 ನಿಮಿಷಕ್ಕೆ ಸೊನ್ನೆಯಿಂದ 30ರೊಳಗಿನ ಯಾವುದೋ ಒಂದು ಸಂಖ್ಯೆಯನ್ನು ಕಂಪ್ಯೂಟರ್ ಕೂಡಿಸಿಕೊಳ್ಳುತ್ತದೆ. ಹೋದ ಕರೆಂಟು ಬಂದಾಗ ಎಂಬತ್ತೂ ಕಂಪ್ಯೂಟರುಗಳು ಒಟ್ಟಿಗೆ ಎದ್ದವು ಎನ್ನಿ. ಅವಧಿ ಸರಿಯಾಗಿ 90 ನಿಮಿಷವೇ ಆಗಿದ್ದರೆ ದಿನವಿಡೀ ಅವು ಒಂದೇ ಕ್ಷಣಕ್ಕೆ ಸರ್ವರಿನ ಮೇಲೆ ಮುಗಿಬೀಳುತ್ತಿದ್ದವು. ಚೂರು ಅನಿಶ್ಚಿತತೆ ಬೆರೆಸಿದರೆ ಸಾಕು, ಮಧ್ಯಾಹ್ನದ ಹೊತ್ತಿಗೆ ಚೆದುರಿ ಹೋಗಿರುತ್ತವೆ. ಕೇಳುವ ಕೆಲಸ ಕಂಪ್ಯೂಟರಿಗೇ ಬಿಟ್ಟದ್ದರಿಂದ ಇನ್ನೊಂದು ಅನುಕೂಲವೂ ಇದೆ. ಕಟ್ಟಳೆ ಬರೆದ ದಿನ ರಜೆಯಲ್ಲಿದ್ದ ಅಧಿಕಾರಿಯ ಕಂಪ್ಯೂಟರು ಎದ್ದ ದಿನ ತಾನೇ ಕೇಳಿ ತಿಳಿದುಕೊಳ್ಳುತ್ತದೆ.

ಕಟ್ಟಳೆಗಳು ಒಂದಕ್ಕೊಂದು ಎದುರಾದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಮೊದಲು ಆ ಕಂಪ್ಯೂಟರಿನದೇ ಕಟ್ಟಳೆ, ನಂತರ ಆ ತಾಣದ್ದು, ನಂತರ ಇಡೀ ಡೊಮೇನಿನದು, ಕೊನೆಗೆ ಅದು ಸೇರಿದ ವಿಭಾಗದ್ದು. ಹೀಗಾಗಿ ಖಾನಾಪುರ ಶಾಖೆಯನ್ನು ಒಂದು ವಿಭಾಗವಾಗಿಸಿದ್ದರೆ, ಅದಕ್ಕೆಂದು ಬರೆದದ್ದು ಬ್ಯಾಂಕಿಗೆಲ್ಲ ಬರೆದದ್ದನ್ನು ಮೀರುತ್ತದೆ. ಇದಕ್ಕೊಂದು ಅಪವಾದ ಉಂಟು, ಅದು ಬಹಳ ಜನರನ್ನು ಬೀಳಿಸಿದೆ: ಡೊಮೇನ್ ಖಾತೆಗಳ ಪಾಸ್‌ವರ್ಡಿನ ಕಟ್ಟಳೆ ಶಾಖೆಯ ಮಟ್ಟದಲ್ಲಿ ಬರೆದರೆ ನಡೆಯುವುದಿಲ್ಲ, ಡೊಮೇನಿನ ಮಟ್ಟದಲ್ಲೇ ಬರೆಯಬೇಕು.

ಕಂಪ್ಯೂಟರು ಸರ್ವರನ್ನು ಕೇಳುವ ಪ್ರಶ್ನೆಯಾದರೂ ಯಾವುದು? ‘ನಾನು ಕಟ್ಟಳೆಯಂತೆ ಇದ್ದೇನೆಯೇ’ ಎಂದಲ್ಲ. ‘ಕಟ್ಟಳೆ ಬದಲಾಗಿದೆಯೇ’ ಎಂದು. ಪ್ರತಿ ಕಟ್ಟಳೆಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಕಂಪ್ಯೂಟರಿಗೆ ಸಂಬಂಧಿಸಿದ ಭಾಗವನ್ನು ತಿದ್ದಿದಾಗ ಅದು 1 ಏರುತ್ತದೆ, ಬಳಕೆದಾರರ ಭಾಗವನ್ನು ತಿದ್ದಿದರೆ 65,536 ಏರುತ್ತದೆ. ಒಂದೇ ಸಂಖ್ಯೆಯ ಎರಡು ಅರ್ಧಗಳಲ್ಲಿ ಎರಡು ಲೆಕ್ಕ. 131,075 ಎಂದು ಕಂಡರೆ ಬಳಕೆದಾರರ ಭಾಗ ಎರಡು ಸಲ, ಕಂಪ್ಯೂಟರಿನ ಭಾಗ ಮೂರು ಸಲ ಬದಲಾಗಿದೆ ಎಂದರ್ಥ. ಸಂಖ್ಯೆ ಹಿಂದಿನದೇ ಇದ್ದರೆ ಹೆಚ್ಚಿನ ಕೆಲಸವನ್ನು ಕಂಪ್ಯೂಟರು ಕೈಬಿಡುತ್ತದೆ. ಭದ್ರತಾ ಸೆಟ್ಟಿಂಗುಗಳನ್ನು ಮಾತ್ರ 16 ಗಂಟೆಗೊಮ್ಮೆ, ಬದಲಾಗದಿದ್ದರೂ, ಮತ್ತೆ ಹಾಕುತ್ತದೆ.

ಪೆನ್‌ಡ್ರೈವ್ ನಿಷೇಧ ಆ ಭದ್ರತಾ ಗುಂಪಿಗೆ ಸೇರಿಲ್ಲ. ಸಾಮಾನ್ಯ ನೌಕರರು ಅದನ್ನು ಮುಟ್ಟಲಾರರು, ನಿಜ. ಆದರೆ ಕಂಪ್ಯೂಟರಿನ ಅಡ್ಮಿನ್ ಅಧಿಕಾರ ಕೈಯಲ್ಲಿರುವವರು ಅಳಿಸಿಹಾಕಿದರೆ, ಕಟ್ಟಳೆ ಬದಲಾಗದ ಹೊರತು ಕಂಪ್ಯೂಟರಿಗೆ ಅದರ ಪರಿವೆಯೇ ಇರುವುದಿಲ್ಲ. ಬದಲಾಗದಿದ್ದರೂ ಮತ್ತೆ ಹಾಕು ಎಂಬ ಆಯ್ಕೆ ಉಂಟು, ಅದನ್ನು ಹುಡುಕಿ ಆನ್ ಮಾಡಬೇಕು. ಸಾಧಿಸಬೇಕಾದ ಸ್ಥಿತಿಯನ್ನು ಬರೆದಿಡಿ, ಅಲ್ಲಿಗೆ ಮರಳುವುದನ್ನು ಯಂತ್ರವೇ ಮತ್ತೆಮತ್ತೆ ನೋಡಿಕೊಳ್ಳಲಿ ಎಂಬ ವಿಚಾರವನ್ನು 1993ರಲ್ಲಿ ಓಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಸಿಎಫ್ಎಂಜಿನ್ ಎಂಬ ತಂತ್ರಾಂಶವಾಗಿ ಕಟ್ಟಿದರು. ಗ್ರೂಪ್ ಪಾಲಿಸಿ ಆ ದಾರಿಯಲ್ಲಿ ಅರ್ಧಕ್ಕೇ ನಿಂತಿದೆ ಎಂದು ನನ್ನ ಅಭಿಪ್ರಾಯ.

ಉಳಿದರ್ಧಕ್ಕೆ ಸ್ಕ್ರಿಪ್ಟ್ ಬೇಕು, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತ. ಅದಕ್ಕೆಂದು ಜೆಫ್ರಿ ಸ್ನೋವರ್ ರೂಪಿಸಿದ ಪವರ್‌ಶೆಲ್ ಎಂಬ ಭಾಷೆ 2006ರಲ್ಲಿ ಬಂತು; ಗ್ರೂಪ್ ಪಾಲಿಸಿಯನ್ನು ಅದರಿಂದ ನಡೆಸುವ ಆದೇಶಗಳು 2009ರಲ್ಲಿ ಸೇರಿದವು. ಅಲ್ಲಿಯವರೆಗೆ ಕಿಟಕಿ ತೆರೆದು ಮೌಸ್ ಒತ್ತುತ್ತ ಮಾಡುತ್ತಿದ್ದುದನ್ನು ನಾಲ್ಕು ಸಾಲಿನಲ್ಲಿ ಬರೆದಿಡಬಹುದಾಯಿತು. ಉದಾಹರಣೆಗೆ, ಖಾನಾಪುರ ಶಾಖೆಯ ಕಂಪ್ಯೂಟರುಗಳಿಗೆ ಕನ್ನಡದ ಜೊತೆ ಮರಾಠಿ ಕೀಲಿಮಣೆಯೂ ಬೇಕು. ವಿಂಡೋಸ್ ಲೆಕ್ಕದಲ್ಲಿ ಕನ್ನಡದ ಸಂಖ್ಯೆ 1099, ಮರಾಠಿಯದು 1102. ಸ್ಕ್ರಿಪ್ಟಿನಲ್ಲಿ ಅವೆರಡನ್ನು ಕೊಟ್ಟರೆ ಮುಗಿಯಿತು. ಅದಕ್ಕಿಂತ ದೊಡ್ಡ ಉಪಯೋಗ ತನಿಖೆಯದು: ಎಂಬತ್ತರಲ್ಲಿ ಯಾವ ಕಂಪ್ಯೂಟರಿನಲ್ಲಿ ಕಟ್ಟಳೆ ನಿಜಕ್ಕೂ ಜಾರಿಯಲ್ಲಿದೆ, ಎಲ್ಲಿ ಇಲ್ಲ ಎಂಬ ಪಟ್ಟಿ ಸ್ಕ್ರಿಪ್ಟಿನಿಂದ ಸಿಗುತ್ತದೆ. ಆಡಿಟರ್ ಬಂದಾಗ ಕೇಳುವುದೂ ಅದನ್ನೇ.

ಮಳೆಗಾಲದಲ್ಲಿ ಖಾನಾಪುರದ ಕಾಡಂಚಿನ ಶಾಖೆಗಳ ಇಂಟರ್ನೆಟ್ ಲೈನು ಕುಂಟಿದರೆ ಏನಾಗುತ್ತದೆ ಎಂಬುದಕ್ಕೂ ವ್ಯವಸ್ಥೆಯಲ್ಲಿ ಉತ್ತರವಿದೆ. ವೇಗ ಸೆಕೆಂಡಿಗೆ 500 ಕಿಲೋಬಿಟ್‌ಗಿಂತ ಕಡಿಮೆಯಾದರೆ ಅದನ್ನು ನಿಧಾನದ ಸಂಪರ್ಕವೆಂದು ಎಣಿಸಿ, ಹೊಸ ತಂತ್ರಾಂಶ ಹಾಕುವಂಥ ಭಾರದ ಕೆಲಸಗಳನ್ನು ಕಂಪ್ಯೂಟರು ಮುಂದೂಡುತ್ತದೆ. ಭದ್ರತಾ ಸೆಟ್ಟಿಂಗುಗಳೂ ಪೆನ್‌ಡ್ರೈವ್ ನಿಷೇಧದಂಥ ಕಟ್ಟಳೆಗಳೂ ಆಗಲೂ ಬರುತ್ತವೆ.

ಎಲ್ಲ ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ತಲುಪಬಹುದು ಎಂದಮೇಲೆ ಕಳ್ಳರಿಗೂ ಅದೇ ದಾರಿ. 2008ರಲ್ಲಿ ಕಟ್ಟಳೆಗಳೊಳಗೇ ಪಾಸ್‌ವರ್ಡ್ ಬರೆದಿಡುವ ಸೌಲಭ್ಯ ಬಂತು. ಅದನ್ನು ಗೂಢಲಿಪಿಗೆ ತಿರುಗಿಸಿಯೇ ಇಡುತ್ತಿದ್ದರು, ಆದರೆ ಅದನ್ನು ಬಿಡಿಸುವ ಕೀಲಿಯನ್ನು ಮೈಕ್ರೋಸಾಫ್ಟ್ ತನ್ನ ದಾಖಲೆಗಳಲ್ಲೇ ಪ್ರಕಟಿಸಿತ್ತು! ಡೊಮೇನಿನ ಯಾವ ನೌಕರನಾದರೂ ಆ ಕಡತ ಓದಬಹುದಿತ್ತು. 2014ರ ಮೇ ತಿಂಗಳಲ್ಲಿ ಬಂದ ತಿದ್ದುಪಡಿ ಹೊಸದಾಗಿ ಹಾಗೆ ಬರೆಯುವುದನ್ನು ತಡೆಯಿತು, ಹಳೆಯವನ್ನು ಅಳಿಸಲಿಲ್ಲ. ಅವನ್ನು ಹುಡುಕುವುದು ಮತ್ತೆ ಸ್ಕ್ರಿಪ್ಟಿನ ಪಾಲಿಗೆ ಬಂತು. 2021ರಲ್ಲಿ ಲಾಕ್‌ಬಿಟ್ ಎಂಬ ಸುಲಿಗೆಯ ತಂತ್ರಾಂಶದ ಎರಡನೆಯ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡೊಮೇನ್ ಕಂಟ್ರೋಲರ್ ಕೈಗೆ ಸಿಕ್ಕೊಡನೆ ಅದು ತಾನೇ ಹೊಸ ಕಟ್ಟಳೆ ಬರೆದು, ವೈರಸ್ ನಿರೋಧಕವನ್ನು ನಿಲ್ಲಿಸಿ, ಜಾಲದ ಕಂಪ್ಯೂಟರುಗಳ ಕಡತಗಳಿಗೆಲ್ಲ ಬೀಗ ಜಡಿಯುತ್ತಿತ್ತು. ತೊಂಬತ್ತು ನಿಮಿಷ ಕಾಯುವ ತಾಳ್ಮೆಯೂ ಅದಕ್ಕಿರಲಿಲ್ಲ. ಈಗಲೇ ಬಂದು ಕೇಳಿ ಎಂದು ಕಂಪ್ಯೂಟರುಗಳನ್ನು ಎಬ್ಬಿಸುತ್ತಿತ್ತು.

ಹಾಗಾಗಿ ಅನುಭವಸ್ಥ ಅಡ್ಮಿನ್‌ಗಳು ಕಟ್ಟಳೆ ತಿದ್ದುವ ಅಧಿಕಾರವನ್ನು ಒಬ್ಬಿಬ್ಬರಿಗಷ್ಟೇ ಕೊಡುತ್ತಾರೆ. ಹೊಸ ಕಟ್ಟಳೆಯನ್ನು ಮೊದಲು ಒಂದೆರಡು ಕಂಪ್ಯೂಟರುಗಳ ಮೇಲೆ ಹಾಕಿ ನೋಡುತ್ತಾರೆ. ದಿನವೂ ರಾತ್ರಿ ಸ್ಕ್ರಿಪ್ಟೊಂದು ಎಲ್ಲ ಕಟ್ಟಳೆಗಳ ನಕಲು ತೆಗೆದು, ಹಿಂದಿನ ದಿನದ ಆವೃತ್ತಿ ಸಂಖ್ಯೆಗಳೊಂದಿಗೆ ಹೋಲಿಸಿ, ಯಾರೂ ಹೇಳದೆ ಬದಲಾದದ್ದೇನಾದರೂ ಇದ್ದರೆ ಬೆಳಿಗ್ಗೆ ಅವರಿಗೆ ತಿಳಿಸುತ್ತದೆ. ಆ ನಕಲನ್ನು ಇಡುವ ಡಿಸ್ಕು ಮಾತ್ರ ಡೊಮೇನಿಗೆ ಸೇರಿರಬಾರದು.